ದೇವರಾಜನ ಎಡೆ

ತಿಥಿಯ ದಿನ ಕಾಮಾಕ್ಷಮ್ಮ ಒಲೆಯ ಮುಂದೆ ಬೇರೆ ಯಾರನ್ನೂ ಕೂರಗೊಡಲಿಲ್ಲ. ಹೊರಗೆ ಶಾಮಿಯಾನದಡಿ ಬಾಡೂಟ ಬೇಯಿಸಲು ಹೊಳೆನರಸೀಪುರದಿಂದ ಅಡುಗೆಯವರು ಬಂದಿದ್ದರು. ಅದು ನೆಂಟರಿಗೆ. ಒಳಗಿನದು ಮಗನಿಗೆ. ತೀರಿಕೊಂಡವರು ಮೆಚ್ಚಿ ಉಣ್ಣುತ್ತಿದ್ದುದನ್ನೆಲ್ಲ ಮಾಡಿ, ಫೋಟೋದ ಮುಂದೆ ಎಲೆ ಹಾಕಿ ಬಡಿಸಿ, ಅವರು ಉಂಡು ಏಳುವಷ್ಟು ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಆ ಮನೆಯ ಪದ್ಧತಿ. ಮೆಚ್ಚಿದ್ದನ್ನು ಇಡದಿದ್ದರೆ ಹೋದ ಜೀವ ಹಸಿದುಕೊಂಡೇ ಹೊರಡುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಕಾಮಾಕ್ಷಮ್ಮನಿಗೆ ಆ ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಗ ದೇವರಾಜ ಔಷಧಿ ಕಂಪನಿಯೊಂದರ ರೆಪ್ ಆಗಿದ್ದ. ಹಾಸನದಲ್ಲಿ ಸಂಸಾರ. ಇವತ್ತು ಅರಕಲಗೂಡು, ನಾಳೆ ಚನ್ನರಾಯಪಟ್ಟಣ, ಹೀಗೆ ಬೈಕಿನಲ್ಲಿ ಡಾಕ್ಟರುಗಳ ಬಾಗಿಲು ಸುತ್ತುತ್ತಿದ್ದ. ತಮ್ಮೂರು ಹಳೇಕೋಟೆಯ ಮೇಲೆ ಹಾದುಹೋಗುವಾಗ ಮನೆ ಮುಂದೆ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, "ಊಟ ಆಯ್ತು ಕಣವ್ವಾ" ಎಂದು ಹೊರಟುಬಿಡುತ್ತಿದ್ದ. ಎಲ್ಲಿ ಆಯಿತು, ಏನು ಉಂಡ ಎಂದು ಕೇಳುವಷ್ಟರಲ್ಲಿ ಬೈಕು ತಿರುವು ದಾಟಿರುತ್ತಿತ್ತು.

ಅವನು ಮಾರುತ್ತಿದ್ದುದು ಗ್ಯಾಸ್ಟ್ರಿಕ್ ಮಾತ್ರೆ. ಊರಿಗೂ ಅಷ್ಟರಲ್ಲಿ ಹೊಟ್ಟೆ ಕೆಟ್ಟಿತ್ತು. ಹೊತ್ತು ಮೂಡುವಾಗ ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದವರು ಈಗ ಬರೀ ಟೀ ಕುಡಿದು ಮಧ್ಯಾಹ್ನದವರೆಗೆ ತಳ್ಳುತ್ತಿದ್ದರು; ಸಂಜೆ ಗಾಡಿಯ ಮುಂದೆ ನಿಂತು ಗೋಬಿ ತಿಂದು, ಮೊಬೈಲು ನೋಡುತ್ತ ನಡುರಾತ್ರಿಗೆ ಮಲಗುತ್ತಿದ್ದರು. ಎದೆ ಉರಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ದೇವರಾಜ ಸ್ಯಾಂಪಲ್ ಮಾತ್ರೆಗಳನ್ನು ಕೈತುಂಬ ಹಂಚುತ್ತಿದ್ದ. ದೊಡ್ಡ ಉಪಕಾರವೆಂದು ಜನ ಅವನನ್ನು ಹೊಗಳುತ್ತಿದ್ದರು. ಕಾಮಾಕ್ಷಮ್ಮನೂ ಹೆಮ್ಮೆಪಟ್ಟಿದ್ದಳು.

ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಬೀಳುವಾಗ ಸೊಸೆ ಅನುಶ್ರೀ ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ಹುರುಳಿ ಬೇಡ. ಅವರು ಅದನ್ನ ಮುಟ್ಟಿ ವರ್ಷಗಳಾದ್ವು. ತಿಂದ್ರೆ ಎದೆ ಉರಿ ಅಂತ ರಾತ್ರಿಯೆಲ್ಲ ಎದ್ದು ಕೂತಿರ್ತಿದ್ರು."

"ನನ್ ಮಗ ಏನ್ ಉಣ್ತಿದ್ದ ಅಂತ ನೀನು ಹೇಳ್ಕೊಡ್ಬೇಕೇನೇ?"

"ನಾನೂ ಬಡಿಸಿದವಳೇ ಅಲ್ವಾ ಅತ್ತೆ?"

ಅನುಶ್ರೀ ಚೀಲದಿಂದ ಒಂದು ಡಬ್ಬವನ್ನೂ ಕೋಲಾ ಬಾಟಲಿಯನ್ನೂ ತೆಗೆದಿಟ್ಟಳು. ಡಬ್ಬದಲ್ಲಿ ಹಾಸನದ ಬೇಕರಿಯ ಎಗ್ ಪಫ್ಸ್ ಇದ್ದವು. ದಿನಾ ಅವರು ತಿನ್ನುತ್ತಿದ್ದುದು ಇದನ್ನೇ ಎಂದಳು.

ನಡುಮನೆಯಲ್ಲಿ ಕುಳಿತಿದ್ದ ಕಾಮಾಕ್ಷಮ್ಮನ ಗಂಡ ಪುಟ್ಟಸ್ವಾಮಿ ಎದ್ದು ಬಂದ. "ಏನವ್ವಾ ಇದು? ಬೇಕರಿ ತಿಂಡಿನ ಎಡೇಲಿಕ್ಕಾರಾ? ನೋಡ್ದೋರು ನಗಾಕಿಲ್ವಾ?"

"ಇಕ್ಲಿ ಬುಡಣ್ಣಾ," ಎಂದ ಅವನ ಚಿಕ್ಕಪ್ಪನ ಮಗ ಬೈರಯ್ಯ. "ನಮ್ಮಪ್ಪನ ಎಡೆಗೆ ಕ್ವಾಟ್ರು ಇಕ್ಕಿರ್ಲಿಲ್ವಾ? ಬಾಗ್ಲು ತೆಗೆದೇಟ್ಗೆ ನೀನೇ ಅಲ್ವಾ ಅದ್ನ ಖಾಲಿ ಮಾಡಿದ್ದು?"

ಒಂದಿಬ್ಬರು ನಕ್ಕರು. ಕಾಮಾಕ್ಷಮ್ಮ ನಗಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಅಭಿಷೇಕನನ್ನು ಕರೆದಳು. ಅವನು ದೇವರಾಜನ ಜೊತೆಯಲ್ಲೇ ಸುತ್ತುತ್ತಿದ್ದ ಇನ್ನೊಬ್ಬ ರೆಪ್.

"ನೀನೇಳಪ್ಪ. ಅವ್ನಿಗೆ ಇದು ಇಷ್ಟವಾ?"

ಅಭಿಷೇಕ ಡಬ್ಬವನ್ನು ನೋಡಿ ತಲೆ ತಗ್ಗಿಸಿದ. "ಇಷ್ಟ ಅಂತ ಏನಿಲ್ಲಮ್ಮ. ಡಾಕ್ಟ್ರು ನಮ್ಮನ್ನ ಒಳಗೆ ಕರೆಯೋದು ಪೇಷಂಟೆಲ್ಲ ಮುಗಿದ್ಮೇಲೆ. ಆಚೆ ಬರೋ ಹೊತ್ಗೆ ಹೋಟ್ಲಲ್ಲಿ ಊಟ ಮುಗಿದಿರುತ್ತೆ. ಬೇಕರಿ ಒಂದೇ ತೆಗೆದಿರೋದು. ಬೈಕ್ ಮೇಲೇ ಕೂತು ತಿನ್ನೋದು, ಒಂದು ಮಾತ್ರೆ ನುಂಗೋದು, ಮುಂದಿನ ಕ್ಲಿನಿಕ್ಕಿಗೆ ಓಡೋದು."

"ಹೊಟ್ಟೆ ನೋವು ಅಂತಿದ್ನಾ?"

"ಅಂತಿದ್ರು. ನಾವೆಲ್ಲಾ ಅಂತೀವಲ್ಲಮ್ಮ."

"ದಿನಾ ಡಾಕ್ಟ್ರ ಮುಂದೇ ನಿಂತಿರ್ತಿದ್ನಲ್ಲಪ್ಪ. ಒಬ್ರಿಗಾದ್ರೂ ತೋರಿಸ್ಬಾರ್ದಾಗಿತ್ತಾ?"

"ಗ್ಯಾಸ್ಟ್ರಿಕ್ ಮಾತ್ರೆ ಮಾರೋನಿಗೇ ಹೊಟ್ಟೆ ಸರಿಯಿಲ್ಲ ಅಂದ್ರೆ, ಆ ಮಾತ್ರೆನ ಯಾರು ಬರ್ಕೊಡ್ತಾರಮ್ಮ?"

ರಕ್ತ ವಾಂತಿಯಾದ ಮೇಲೆ ತಾನೇ ಅವನು ಆಸ್ಪತ್ರೆಯಲ್ಲಿ ಮಲಗಿದ್ದು. ಹೊಟ್ಟೆಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಕ್ಯಾನ್ಸರ್ ಎಂದರು. ಮಾತ್ರೆ ನುಂಗಿ ನುಂಗಿ ನೋವನ್ನು ಮುಚ್ಚಿಟ್ಟುಕೊಂಡಿದ್ದಾರೆ, ತೋರಿಸುವುದು ತಡವಾಯಿತು ಎಂದರು. ಕೊನೆಗೆ ಒಂದು ಲೋಟ ಗಂಜಿಯೂ ಅವನ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲ ನರಸಿಂಹಸ್ವಾಮಿಯ ಇಚ್ಛೆ ಎಂದು ಸಮಾಧಾನ ಹೇಳಿದವರನ್ನು ಕಂಡರೆ ಕಾಮಾಕ್ಷಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಾಮಿ ಮನುಷ್ಯನ ಹೊಟ್ಟೆಯೊಳಗೆ ಒಂದು ಒಲೆ ಹಚ್ಚಿ ಕಳಿಸಿದ. ಹೊತ್ತಿಗೆ ಸರಿಯಾಗಿ ಅದಕ್ಕೆ ಅನ್ನ ಹಾಕಬೇಡವೆಂದು ಸ್ವಾಮಿ ಯಾರಿಗೂ ಹೇಳಿರಲಿಲ್ಲ.

ಅವಳು ಡಬ್ಬ ಮುಚ್ಚಿ ಸೊಸೆಯ ಕೈಗೆ ಕೊಟ್ಟಳು. "ಇದು ಅವ್ನು ಮೆಚ್ಚಿದ್ದಲ್ಲ ಕಣವ್ವಾ. ವಿಧಿಯಿಲ್ದೆ ತಿಂದಿದ್ದು."

ಆಮೇಲೆ ಬಸ್ಸಾರಿನ ಪಾತ್ರೆಯನ್ನೂ ತಾನೇ ಹಿಂದಕ್ಕೆ ಸರಿಸಿದಳು. ಕೋಳಿಸಾರಿನ ಮೇಲೆ ತಟ್ಟೆ ಮುಚ್ಚಿದಳು. ಹೊಸದಾಗಿ ಅನ್ನಕ್ಕಿಟ್ಟು, ಮೆತ್ತಗೆ ಬೇಯಿಸಿ, ಉಪ್ಪು ಹಾಕಿ ಮಜ್ಜಿಗೆಯಲ್ಲಿ ಕಲಸಿದಳು. ಅನುಶ್ರೀ ಎಲೆ ತೊಳೆದು ತಂದಳು. ಇಬ್ಬರೂ ಸೇರಿ ಫೋಟೋದ ಮುಂದೆ ಮಣೆ ಹಾಕಿ ಬಡಿಸಿದರು. ಬಾಗಿಲು ಹಾಕಿ ಎಲ್ಲರೂ ಹೊರಗೆ ಬಂದರು.

ಸ್ವಲ್ಪ ಹೊತ್ತಾಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಅತ್ಗೆ, ಬಾಗ್ಲು ತೆಗೀರಿ," ಎಂದ ಬೈರಯ್ಯ.

"ಇನ್ನೂ ಉಣ್ತಾವ್ನೆ."

"ಜನ ಕಾಯ್ತಾವ್ರೆ ಕಣತ್ಗೆ. ಹೊತ್ತು ಮೀರಿದ್ರೆ ನಂಗೆ ಗ್ಯಾಸ್ಟ್ರಿಕ್ ಆಯ್ತದೆ."

"ಒಂದಿನಾನೂ ಕೂತು ಉಣ್ಲಿಲ್ಲ ಅವ್ನು. ಈಗ ಕೂತವ್ನೆ. ಏಳು ಅನ್ನಾಕೆ ನೀವ್ಯಾರು?"

"ಲೇ ಕಾಮಾಕ್ಷಿ, ಎಂಗಾಡ್ತೀಯೇ? ಶಾಸ್ತ್ರ ಮುಗೀತು," ಎಂದು ಪುಟ್ಟಸ್ವಾಮಿ ಚಿಲಕಕ್ಕೆ ಕೈ ಹಾಕಿದ. ಅವಳು ಅವನ ಕೈಯನ್ನು ಸರಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಬೈರಯ್ಯ ಹೊಟ್ಟೆ ನೀವಿಕೊಂಡ. "ಓಗ್ಲಿ, ದ್ಯಾವ್ರಾಜನ ಮಾತ್ರೆ ಮಿಕ್ಕಿದ್ರೆ ಒಂದಾದ್ರೂ ಕೊಡಿ."

ಶಾಮಿಯಾನದ ಕಡೆಯಿಂದ ಯಾರೋ ಕೂಗಿದರು, ತಮ್ಮದು ಬಸ್ಸಿನ ಹೊತ್ತಾಯಿತು ಎಂದು. ಇನ್ಯಾರೋ, "ಇಕ್ರಲಾ ಅತ್ಲಾಗೆ," ಎಂದರು. ಬಾಗಿಲು ತೆರೆಯುವ ಮೊದಲೇ ಎಲೆಗಳು ಬಿದ್ದವು. ಸಾರಿನ ಬಕೆಟ್ಟುಗಳು ಓಡಾಡಿದವು. ಬೈರಯ್ಯನೂ ಹೋಗಿ ಕುಳಿತ. ಮೊದಲ ಪಂಕ್ತಿಯವರು ಗಬಗಬನೆ ಉಂಡು, ಎಡಗೈಯಲ್ಲಿ ಮೊಬೈಲು ಹಿಡಿದುಕೊಂಡೇ ಎದ್ದರು. ಅವರ ಹಿಂದೆ ಎರಡನೆಯ ಪಂಕ್ತಿಯವರು ಆಗಲೇ ನಿಂತಿದ್ದರು.

ಅನುಶ್ರೀ ಬಂದು ಅತ್ತೆಯ ಪಕ್ಕದಲ್ಲಿ ಬಾಗಿಲಿಗೆ ಒರಗಿ ನಿಂತಳು.

"ನಿಧಾನಕ್ಕೆ ಉಣ್ಲಿ ಅತ್ತೆ," ಎಂದಳು.