ಭಾವನ ಬಾಯ್ಲರು

ನಮ್ಮ ಭಾವ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟಿದವರಲ್ಲ. ಚಹದ ಲೋಟವಿರಲಿ, ಬಾಗಿಲ ಚಿಲಕವಿರಲಿ, ಜ್ವರ ಬಂದ ಅಕ್ಕನ ಹಣೆಯಿರಲಿ, ಕೈಯ ಹಿಂಬದಿಯನ್ನು ತಾಗಿಸಿ, ಕ್ಷಣಕಾಲ ತಡೆದು, ಆಮೇಲೆಯೇ ಹಿಡಿಯುವರು. ಬಿಸಿ ಲೋಹಕ್ಕೆ ಅಂಗೈ ತಾಗಿದರೆ ಬೆರಳು ಮಡಚಿ ಅದನ್ನೇ ಹಿಡಿದುಕೊಂಡುಬಿಡುತ್ತದೆ ಎಂಬುದು, ಮೂವತ್ತನಾಲ್ಕು ವರ್ಷ ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿ ಅವರು ಕಲಿತ ಪಾಠ. ‘ಚೆನ್ನಾಗಿದೆ’ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಅಕ್ಕನ ಅಡುಗೆಗೂ ಅವರ ಪರಮೋಚ್ಚ ಪ್ರಶಂಸೆ ಒಂದೇ: ತಪ್ಪೇನೂ ಕಾಣಿಸುತ್ತಿಲ್ಲ.

ನಿವೃತ್ತರಾದ ಮರುದಿನವೇ ಹಳೆಯ ಖಾಕಿ ಕೋಟು ತೊಟ್ಟು, ಷೆಡ್ಡಿನಲ್ಲಿದ್ದ ಕಾರನ್ನು ಬೀದಿಪಾಲು ಮಾಡಿ, ಅಲ್ಲಿ ಉಗಿಬಂಡಿ ಕಟ್ಟತೊಡಗಿದರು. ಸೊಂಟದೆತ್ತರ, ಎರಡಾಳುದ್ದ, ಕಲ್ಲಿದ್ದಲು ತಿಂದು ನೀರು ಕುಡಿದು ಹತ್ತು ಮಂದಿಯನ್ನು ಎಳೆಯಬೇಕಾದ ನಿಜವಾದ ಎಂಜಿನ್ನು. ಅಕ್ಕ ಅದನ್ನು ಸವತಿ ಎಂದು ಬೈದರೂ, ಎಂಜಿನ್ನಿನ ಹಿಂದೆಯೇ ಇರುವ ಮೊದಲ ಬಂಡಿಯಲ್ಲಿ ಕೂರುವವಳು ತಾನೇ ಎಂದು ದಿಂಬು ಹೊಲಿದಿಟ್ಟಿದ್ದಳು.

ಒಂಬತ್ತನೆಯ ವರ್ಷ ಬಾಯ್ಲರು ಮುಗಿಯಿತು. ಅಷ್ಟರಲ್ಲಿ ಭಾವನ ಬಲಗೈ ನಡುಗತೊಡಗಿತ್ತು. ಇನ್ನೊಂದು ಬಾಯ್ಲರು ಮಾಡುವ ಕೈ ಇದಲ್ಲ ಎಂದು ಒಮ್ಮೆ ನನ್ನೊಡನೆ ನಿರ್ವಿಕಾರವಾಗಿ ಹೇಳಿದ್ದರು.

ತನ್ನ ಬಾಯ್ಲರನ್ನು ತಾನೇ ಪರೀಕ್ಷಿಸುವುದು ಸಲ್ಲದೆಂದು, ಹಿಂದೆ ತಮ್ಮ ಕೈಕೆಳಗೆ ಕೆಲಸ ಕಲಿತ ಇನ್‌ಸ್ಪೆಕ್ಟರನನ್ನು ಕರೆಸಿದರು. ತಣ್ಣೀರು ತುಂಬಿ, ಎಂಜಿನ್ನು ಓಡುವಾಗಿನ ಒತ್ತಡದ ಎರಡರಷ್ಟಕ್ಕೆ ಪಂಪು ಒತ್ತಿ, ಅರ್ಧ ಗಂಟೆ ಕಾಯಬೇಕು. ಗಡಿಯಾರ ಅಕ್ಕನ ಕೈಯಲ್ಲಿ. ಇಪ್ಪತ್ತಾರು ನಿಮಿಷ ಎಲ್ಲ ಸರಿಯಿತ್ತು. ಟಾರ್ಚು, ಪುಟ್ಟ ಕನ್ನಡಿ ಹಿಡಿದು ಬೆಂಕಿಗೂಡಿನೊಳಗೆ ಇಣುಕುತ್ತಿದ್ದ ಭಾವ ಹಾಗೇ ನಿಂತುಬಿಟ್ಟರು. ತಾಮ್ರದ ತಗಡು ಮಡಿಚಿದ ಮೂಲೆಯಲ್ಲಿ ಒಂದು ಹನಿ. ಒರೆಸಿದರು. ಮತ್ತೆ ಮೂಡಿತು.

ಒತ್ತಡಮಾಪಕದ ಮುಳ್ಳು ಕದಲಿಲ್ಲ, ತಣ್ಣೀರಿಗೆ ಲೋಹ ಬೆವರಿರಬೇಕು ಎನ್ನುತ್ತ ಇನ್‌ಸ್ಪೆಕ್ಟರ ಪೆನ್ನು ತೆಗೆದ.

“ಇದು ಬೇರೆಯವರದಾಗಿದ್ರೆ ಏನ್ ಬರೀತಿದ್ದೆ?” ಎಂದರು ಭಾವ.

“ಫೇಲ್ ಅಂತ ಬರೆಯೋಕೆ ಕೈ ಬರ್ತಿಲ್ಲ ಸಾರ್,” ಎಂದು ಅವನು ತಲೆ ತಗ್ಗಿಸಿದ.

ತಪ್ಪು ಎಲ್ಲಿಯದೆಂದು ಭಾವನಿಗೆ ಆಗಲೇ ಹೊಳೆದಿತ್ತು. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ. ಪ್ರತಿ ಮಡಿಕೆಗೂ ಮುಂಚೆ ಕೆಂಪಗೆ ಕಾಯಿಸಿ ಮೆದುಮಾಡಬೇಕು. ಕೊನೆಯ ಮಡಿಕೆಯ ದಿನ ಅಕ್ಕ ಊಟಕ್ಕೆ ಮೂರು ಸಲ ಕೂಗಿದ್ದಳು. ಇನ್ನು ನಾಲ್ಕೇಟು ತಾನೆ ಎಂದು ಕಾಯಿಸದೆಯೇ ಬಡಿದಿದ್ದರು. ಈಗ ತಗಡೇ ಸೀಳಿತ್ತು, ಬೆಸುಗೆಗೆ ಬಗ್ಗುವ ರೋಗವಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ಅಕ್ಕನಿಗೆ ಹೇಳಬಾರದೆಂಬ ಆಣೆಯೊಡನೆ.

ತಿರಸ್ಕೃತ ಬಾಯ್ಲರನ್ನು ಮುಂದೆ ಯಾರೂ ಬಳಸದಂತೆ ಅದರ ಮೈಮೇಲೆ ಉಳಿಯಿಂದ ಗುರುತು ಕೊರೆಯುವುದು ಭಾವನ ಪದ್ಧತಿ. ಇನ್‌ಸ್ಪೆಕ್ಟರ ಹಿಂಜರಿದಾಗ ಅವರೇ ಸುತ್ತಿಗೆ ಎತ್ತಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿ, ಒಂದು ಹನಿಗೆ ಇಷ್ಟು ಹಟವೇ ಎಂದುಬಿಟ್ಟೆ.

ಅವರು ನನ್ನತ್ತ ನೋಡಲಿಲ್ಲ. “ಮೊದಲನೇ ಬಂಡೀಲಿ ಕೂರೋದು ನಿಮ್ಮಕ್ಕ ಕಣಯ್ಯ,” ಎಂದರು.

ಅಕ್ಕ ಗಡಿಯಾರವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ಎಂಜಿನ್ನು ಓಡಲೇ ಇಲ್ಲ. ಭಾವ ಹೋಗಿ ಆರು ವರ್ಷವಾಯಿತು. ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರು ಒಪ್ಪಿದ ಯಂತ್ರಗಳ ಪಕ್ಕದಲ್ಲಿ ಸಾವಿರಾರು ಜನ ದಿನವಿಡೀ ದುಡಿದು, ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರುತ್ತಾರೆ. ಅವರನ್ನು ಯಾರೂ ನೆನೆಯುವುದಿಲ್ಲ. ಅವರಿದ್ದ ಕಡೆ ಏನೂ ಆಗಿರುವುದಿಲ್ಲವಲ್ಲ.