ಗ್ಯಾಲರಿಯಲ್ಲಿ ಎದ್ದು ನಿಂತವರು

ಚಿಪೇಗೊ ಸಂಸತ್ತಿಗೆ ಆರಿಸಿ ಬಂದಾಗ ಅವನಿಗೆ ಇಪ್ಪತ್ತೇಳು. ಗಡ್ಡ ಸರಿಯಾಗಿ ಬಂದಿರಲಿಲ್ಲ. ಮೊದಲ ದಿನ ಬಾಗಿಲಲ್ಲಿದ್ದ ಕಾವಲಿನವನು, "ತಮ್ಮಾ, ಸದಸ್ಯರ ದಾರಿ ಇದು, ನೋಡೋಕೆ ಬಂದೋರು ಆ ಕಡೆಯಿಂದ ಹೋಗ್ಬೇಕು" ಎಂದು ತಡೆದನಂತೆ. ಊರಿಗೆ ಬಂದಾಗ ಇದನ್ನು ಅವನೇ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕ.

ನಾನು ಅವನ ತಾಯಿಯ ಗೆಳತಿ, ಸರೋವರದ ದಂಡೆಯಲ್ಲಿ ಕಪೆಂಟಾ ಮೀನು ಒಣಗಿಸಿ ಬದುಕುವವಳು. ಅವನಿಗೆ ನಾನು ಚಿಕ್ಕಮ್ಮ, ಊರಿಗೆಲ್ಲ ಬಿನಾ ಲುಯಾಂದೊ, ಅಂದರೆ ಲುಯಾಂದೊನ ಅಮ್ಮ. ಚಿಪೇಗೊ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅವನ ತಾಯಿ ಜ್ವರದಲ್ಲಿ ಹೋಗಿಬಿಟ್ಟಳು. ನಮ್ಮ ಟೊಂಗಾ ಜನರಲ್ಲಿ ಮಗು ತಾಯಿಯ ಕುಲಕ್ಕೆ ಸೇರಿದ್ದು. ಹೆತ್ತ ಅಪ್ಪನಿಗಿಂತ ಸೋದರಮಾವ ದೊಡ್ಡವನು. ಹಾಗಾಗಿ ಅವಳ ಅಣ್ಣ ಹಬೇಂಜು ಮಗುವನ್ನು ಎತ್ತಿಕೊಂಡು ಹೋದ. ಹಬೇಂಜು ನಮ್ಮೂರಿನ ಮುಖಂಡ, ಆಳುವ ಪಕ್ಷದ ಮನುಷ್ಯ. ತನ್ನ ಮಗ ಬಾಯ್ಡ್‌ನ ಜೊತೆಗೇ ಅವನನ್ನೂ ಬೆಳೆಸಿದ, ಓದಿಸಿದ. ಒಂದೇ ತಟ್ಟೆಯಲ್ಲಿ ನ್ಶೀಮಾ ಮುದ್ದೆ ತಿಂದು ಬೆಳೆದವರು ಆ ಹುಡುಗರು.

ಚಿಪೇಗೊ ಓದು ಮುಗಿಸಿ ಜಿಲ್ಲೆಯ ರೇಡಿಯೊದಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಮೀನುಗಾರರನ್ನು, ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದ. ಅವನ ದನಿ ಕೇಳದ ಮನೆಯಿರಲಿಲ್ಲ. ಚುನಾವಣೆ ಬಂದಾಗ ಹಬೇಂಜು ಅವನ ಭುಜದ ಮೇಲೆ ಕೈಯಿಟ್ಟು, "ನಂಗೆ ಇಂಗ್ಲಿಷ್ ಬರಲ್ಲ, ನಿಂಗೆ ಬರುತ್ತೆ. ನನ್ನ ಬಾಯಿ ನೀನಾಗಪ್ಪಾ" ಎಂದ. ನಾವು ಹೆಂಗಸರು ಗಂಟಲು ಹರಿಯುವ ಹಾಗೆ ಹಾಡಿದೆವು. ಗೆದ್ದ.

ಎರಡು ವರ್ಷ ಎಲ್ಲ ನೆಟ್ಟಗಿತ್ತು. ಅಲೆದಾಡಿ ಬೇಡಿ ಒಬ್ಬ ದಾದಿಯನ್ನು ನಮ್ಮ ಆಸ್ಪತ್ರೆಗೆ ತಂದ. ಆಮೇಲೆ ಆ ಮಸೂದೆ ಬಂತು. ನಮ್ಮ ದಂಡೆಯನ್ನು ಪೂರ್ತಿ ಹೋಟೆಲು ಕಟ್ಟುವವರಿಗೆ ಬಿಟ್ಟುಕೊಡುವುದು, ನಮ್ಮನ್ನು ಗುಡ್ಡದ ಮೇಲಕ್ಕೆ ಸಾಗಿಸುವುದು. ಅಣೆಕಟ್ಟು ಕಟ್ಟಿದಾಗ ನಮ್ಮ ಹಿರಿಯರನ್ನು ಲಾರಿಯಲ್ಲಿ ತುಂಬಿ ಹಳೇ ಊರಿಂದ ಹೊರಹಾಕಿದ್ದರು. ನೀರಿನಡಿ ಹೋದ ಗೋರಿಗಳ ಮಾತು ಬಂದರೆ ಇಂದಿಗೂ ಮುದುಕರು ಎದ್ದು ಹೋಗುತ್ತಾರೆ. ಈಗ ಇನ್ನೊಂದು ಸಲ.

ಚಿಪೇಗೊ ಮರದಡಿ ಸಭೆ ಸೇರಿಸಿ ಒಬ್ಬೊಬ್ಬರನ್ನೂ ಕೇಳಿದ. "ಆಗಲ್ಲ" ಎಂದೆವು. ಹಬೇಂಜು ಎಲ್ಲರಿಗಿಂತ ಜೋರಾಗಿ, "ಆಗಲ್ಲ ಅಂತ ಅಲ್ಲಿ ಹೋಗಿ ಹೇಳು, ಮಗಾ!" ಎಂದ.

"ಪಕ್ಷದೋರು ಸುಮ್ನೆ ಬಿಡಲ್ಲ, ಮಾವಾ."

"ನಾನಿಲ್ವೇನೋ ನಿನ್ನ ಹಿಂದೆ?"

ಅವನು ರಾಜಧಾನಿಗೆ ಹೋದ ಮೇಲೆ ಹಬೇಂಜು ಬಸ್ಸು ಗೊತ್ತುಮಾಡಿದ. "ಹುಡುಗ ನಮಗೋಸ್ಕರ ಮಾತಾಡ್ತಾನೆ, ನಾವು ಮೇಲೆ ಕೂತು ಅವನಿಗೆ ಧೈರ್ಯ ಕೊಡೋಣ" ಎಂದ. ಯಾರು ಬೇಡ ಅಂತಾರೆ? ಹೆಂಗಸರಿಗೆಲ್ಲ ಪಕ್ಷದ ಬಣ್ಣದ ಹೊಸ ಚಿತೆಂಗೆ ಬಟ್ಟೆ ಹಂಚಿದರು. ಸೊಂಟಕ್ಕೆ ಸುತ್ತಿಕೊಂಡು ದಾರಿಯುದ್ದಕ್ಕೂ ಹಾಡುತ್ತಾ ಹೋದೆವು. ಸಂಸತ್ತಿನ ಬಾಗಿಲಲ್ಲಿ ಹಬೇಂಜು ಹೇಳಿದ್ದು ಇಷ್ಟೇ: "ಒಳಗೆ ಚಪ್ಪಾಳೆ, ಕೂಗು ಏನೂ ಇಲ್ಲ. ನಾನು ಎದ್ದಾಗ ಎಲ್ರೂ ಎದ್ದು ನಿಂತ್ಕೊಳ್ಳಿ. ನಗುನಗ್ತಾ ಇರಿ."

ಗ್ಯಾಲರಿಯಿಂದ ನೋಡಿದರೆ ಚಿಪೇಗೊ ಕೆಳಗೆ ಕೊನೇ ಸಾಲಿನಲ್ಲಿದ್ದ. ನಮ್ಮನ್ನು ಇನ್ನೂ ಕಂಡಿರಲಿಲ್ಲ. ಎದ್ದು ಇಂಗ್ಲಿಷಿನಲ್ಲಿ ಮಾತಾಡಿದ. ಮಾತು ತಿಳಿಯದಿದ್ದರೂ ನಡುವೆ ನಮ್ಮೂರಿನ ಹೆಸರು, ಮುಳುಗಿದ ಊರುಗಳ ಹೆಸರು ಒಂದೊಂದಾಗಿ ಬಂದವು. ಪಕ್ಕದಲ್ಲಿದ್ದ ಮುದುಕಿಯ ಕಣ್ಣಲ್ಲಿ ನೀರು. ಅವನ ಪಕ್ಷದವರೇ ಕೆಲವರು ತಲೆ ತಗ್ಗಿಸಿದ್ದರು.

ಆಮೇಲೆ ಮಂತ್ರಿ ಎದ್ದ. ಮೆತ್ತಗೆ ಏನೋ ಹೇಳಿ ಮೇಲಕ್ಕೆ ಬೆರಳು ತೋರಿಸಿದ. ಅವನು ಬೆರಳೆತ್ತುವ ಮೊದಲೇ ಹಬೇಂಜು ಎದ್ದಿದ್ದ. ನಾವೂ ಎದ್ದೆವು. ನಮ್ಮ ಹುಡುಗನಿಗೆ ಮರ್ಯಾದೆ ಸಿಗುತ್ತಿದೆಯೆಂದು ಹಲ್ಲು ಬಿಟ್ಟು ನಿಂತೆವು. ಕೆಲವರು ಕೈಯನ್ನೂ ಬೀಸಿದರು.

ಚಿಪೇಗೊ ತಲೆಯೆತ್ತಿ ನೋಡಿದ. ಮೊದಲು ಮಾವನನ್ನು, ಆಮೇಲೆ ನನ್ನನ್ನು. ನಾನು ನಗುತ್ತಿದ್ದೆ. ಅವನ ಬಾಯಿ ತೆರೆದೇ ಇತ್ತು. ಮತ್ತೆ ಮಾತಾಡಲು ಕೈಯೆತ್ತಿದ, ಸಭಾಧ್ಯಕ್ಷರು ಬಿಡಲಿಲ್ಲ. ಮಸೂದೆ ಪಾಸಾಯಿತು.

ಹೊರಗೆ ಅಂಗಳದಲ್ಲಿ ನಾನೇ ಅವನ ಹತ್ತಿರ ಓಡಿದೆ. "ಎಷ್ಟು ಚೆನ್ನಾಗಿ ಮಾತಾಡ್ದೆ ಕಣೋ! ಮಂತ್ರಿಗಳೂ ಹೊಗಳಿದ್ರಲ್ಲ!"

ಅವನು ನನ್ನ ಮುಖವನ್ನೇ ದಿಟ್ಟಿಸಿದ. "ಚಿಕ್ಕಮ್ಮಾ, ಮಂತ್ರಿ ಏನಂದ ಗೊತ್ತಾ? 'ಈ ಸದಸ್ಯರು ತಮ್ಮ ಜನ ಒಪ್ಪಲ್ಲ ಅಂತಾರೆ. ಅವರ ಜನ ಅಲ್ಲಿದಾರೆ. ಅವರನ್ನ ಸಾಕಿದ ಮಾವನೇ ಒಪ್ಪಿಗೆ ಹೇಳೋಕೆ ಕರ್ಕೊಂಡು ಬಂದಿದಾರೆ. ಒಪ್ಪಿದೋರು ದಯವಿಟ್ಟು ಎದ್ದು ನಿಲ್ಲಲಿ' ಅಂದ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ. "ನಿಮ್ಮ ಮಾವ ಎದ್ದಾಗ ಏಳಿ ಅಂದಿದ್ರು..." ಎಂದೆ.

ಹಬೇಂಜು ಬಸ್ಸಿನ ಪಕ್ಕ ಟೋಪಿ ತಿರುಗಿಸುತ್ತಾ ನಿಂತಿದ್ದ. ಚಿಪೇಗೊ ಅವನ ಎದುರಿಗೆ ಹೋಗಿ ನಿಂತ. ಕೂಗಲಿಲ್ಲ. "ಯಾಕೆ, ಮಾವಾ?"

"ನಾನು ಚಿಕ್ಕೋನಿದ್ದಾಗ ನಮ್ಮೋರು ಆಗಲ್ಲ ಆಗಲ್ಲ ಅಂತ ಭರ್ಜಿ ಹಿಡ್ದು ನಿಂತ್ರು. ಆದ್ರೂ ಲಾರಿ ಬಂತು. ನಾವು ಏನಂದ್ರೂ ಅವರು ಮಾಡೋದು ಮಾಡೇ ಮಾಡ್ತಾರೆ. ಈ ಸಲ ಹ್ಞೂಂ ಅಂದು ಏನಾದ್ರೂ ಪಡ್ಕೊಳ್ಳೋಣ ಅಂದ್ಕೊಂಡೆ."

"ಏನು ಪಡ್ಕೊಂಡ್ರಿ?"

ಹಬೇಂಜು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತ.

ಏನು ಪಡೆದನೆಂದು ಮುಂದಿನ ಚುನಾವಣೆಯಲ್ಲಿ ಗೊತ್ತಾಯಿತು. ಚಿಪೇಗೊನನ್ನು ಪಕ್ಷದಿಂದ ಹೊರಹಾಕಿ ಬಾಯ್ಡ್‌ಗೆ ಟಿಕೆಟ್ ಕೊಟ್ಟರು. ನಮ್ಮಲ್ಲಿ ಮಾವನ ಆಸ್ತಿ, ಹೆಸರು, ಜಾಗ ಎಲ್ಲ ಸೋದರಳಿಯನಿಗೆ ಬರಬೇಕು. ಹಬೇಂಜು ಅದನ್ನು ತನ್ನ ಮಗನಿಗೆ ದಾಟಿಸಿಬಿಟ್ಟ. ದಂಡೆಯ ಸುತ್ತ ಬೇಲಿ ಆಗಲೇ ಎದ್ದಿತ್ತು. ನಾವು ಗುಡ್ಡದ ಮೇಲಿದ್ದೆವು, ಮೀನಿಗೆ ಅರ್ಧ ದಿನದ ನಡಿಗೆ. ಚಿಪೇಗೊ ಪಕ್ಷೇತರನಾಗಿ ನಿಂತ. ಜನ ಏನೆಂದರು ಗೊತ್ತೇ? "ಅವನು ಅಲ್ಲಿ ಕೂತಿದ್ದಾಗಲೇ ತಾನೆ ದಂಡೆ ಹೋಗಿದ್ದು? ಅವನೇ ಮಾರಿದ್ದು." ಬಸ್ಸಿನಲ್ಲಿ ನನ್ನ ಜೊತೆ ಹಾಡಿದ್ದವರೇ ಹೀಗೆಂದರು.

ನನಗೆ ತಡೆಯಲಿಲ್ಲ. ನನ್ನ ಕುಲಕ್ಕೂ ಹಬೇಂಜುವಿನ ಕುಲಕ್ಕೂ ಹಳೆಯ ಗೇಲಿಯ ನಂಟು. ತುಂಬಿದ ಸಭೆಯಲ್ಲಿ ನಾವು ಅವರನ್ನು ಏನು ಬೈದರೂ ಅವರು ಸಿಟ್ಟಾಗುವಂತಿಲ್ಲ. ಬಾಯ್ಡ್‌ನ ಪ್ರಚಾರ ಸಭೆಯಲ್ಲಿ ಎದ್ದು ಕಿರುಚಿದೆ: "ಈ ಮುದಿ ಹೋತ ತಂಗಿ ಮಗನ ಕತ್ತು ಕುಯ್ದು ತನ್ನ ಮಗನಿಗೆ ಕುರ್ಚಿ ತಂದಿದೆ! ನಮ್ಮನ್ನೆಲ್ಲ ಬೊಂಬೆ ಥರ ನಿಲ್ಸಿ ದಂಡೆ ಮಾರಿದ್ದು ಇದೇ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹಬೇಂಜುವೂ ಕಣ್ಣೊರೆಸಿಕೊಂಡು ನಗುತ್ತಾ, "ಸಾಲ್ದು ಕಣೇ, ಇನ್ನೂ ಬೈಯಿ!" ಎಂದ. ನಾನು ಬೈದಷ್ಟೂ ನಗು ಜಾಸ್ತಿಯಾಯಿತು. ಹಿಂದೆ ನಿಂತಿದ್ದ ಚಿಪೇಗೊ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದ. "ಸಾಕು ಚಿಕ್ಕಮ್ಮಾ, ಮನೆಗೆ ಹೋಗೋಣ."

ಸೋತ. ದೂರದ ಪೇಟೆಯೊಂದರಲ್ಲಿ ಮೇಷ್ಟ್ರಾದ. ಅಲ್ಲೊಬ್ಬಳು ಹುಡುಗಿ ಮೆಚ್ಚಿದಳು. ವಧುವಿಗೆ ಕೊಡುವ ದನ ಸೋದರಮಾವನ ಮನೆಯಿಂದ ಹೊರಡಬೇಕು. ಸುದ್ದಿ ಕೇಳಿ ಹಬೇಂಜು ಒಳ್ಳೇ ಹೋರಿಯೊಂದನ್ನು ನನ್ನ ಅಂಗಳಕ್ಕೆ ಕಳಿಸಿದ. ಊರಿಗೆ ಬಂದಿದ್ದ ಚಿಪೇಗೊ ಅದರ ಕಡೆ ನೋಡಲೂ ಇಲ್ಲ. ನಾನೇ ಹಿಂದಕ್ಕೆ ಹೊಡೆದುಕೊಂಡು ಹೋದೆ. ಹಬೇಂಜು ಹೊರಗೆ ಬಂದು ಹೋರಿಯ ಬೆನ್ನು ಸವರಿದ.

"ಬೈಯೇ, ಬಿನಾ ಲುಯಾಂದೊ. ಒಂದ್ಸಲ ಬೈದ್ಬಿಡು" ಎಂದ.

ನಾನು ಹಗ್ಗ ಕಂಬಕ್ಕೆ ಕಟ್ಟಿ, ಒಂದು ಮಾತೂ ಆಡದೆ ಬಂದುಬಿಟ್ಟೆ.

ಹೆಣ್ಣಿನ ಮನೆಯಲ್ಲಿ ಚಾಪೆ ಹಾಸಿದರು. ಹುಡುಗಿಯ ತಂದೆ ಸುತ್ತ ನೋಡಿ, "ಸೋದರಮಾವ ಎಲ್ಲಿ? ಬದುಕಿದಾರೆ ಅಂತ ಕೇಳಿದ್ವಲ್ಲ" ಎಂದರು.

"ಬದುಕಿದಾರೆ" ಎಂದ ಚಿಪೇಗೊ. "ನನಗಿಲ್ಲ."

ಮುದುಕರು ತಮ್ಮೊಳಗೆ ಪಿಸುಗುಟ್ಟಿಕೊಂಡರು. ಮಾವನಿಲ್ಲದ ಗಂಡಿಗೆ ಹೆಣ್ಣು ಕೊಡುವುದು ಸಣ್ಣ ಮಾತಲ್ಲ. ಆಮೇಲೆ ಅವರಲ್ಲೊಬ್ಬರು, "ಹಾಗಾದ್ರೆ ಇವನ ಪರವಾಗಿ ಮಾತಾಡೋರು ಯಾರು?" ಎಂದು ಕೇಳಿದರು. ನಾನು ಗಂಡಸರ ಚಾಪೆಯ ಅಂಚಿಗೆ ಸರಿದು ಕೂತು, ಅವನ ತಾಯಿಯ ಹೆಸರಿನಿಂದ ಮಾತು ಶುರುಮಾಡಿದೆ.