ಬೇಕರಿಯವನ ಗಡ್ಡ

ಒಂದೂರಿನಲ್ಲಿ ಒಂದು ಗಡ್ಡವಿತ್ತು. ಬೆಳೆದದ್ದು ಬೇಕರಿಯವನ ಮುಖದ ಮೇಲೆ, ಹಕ್ಕುದಾರ ಮಾತ್ರ ಎದುರು ಅಂಗಡಿಯ ಕ್ಷೌರಿಕ. ಸಂಧಿವಾತ ಬೆರಳುಗಳಿಗೆ ಇಳಿದು ಕ್ಷೌರಿಕ ಕತ್ತಿ ಕೆಳಗಿಟ್ಟ ದಿನವೇ, "ನೀನು ಮತ್ತೆ ಹಿಡಿಯೋವರೆಗೂ ಈ ಕತ್ತು ಬೇರೆ ಯಾರಿಗೂ ಕೊಡಲ್ಲ ಕಣೋ" ಎಂದು ಗೆಳೆಯ ಹಟ ಹಿಡಿದಿದ್ದ. ನಾನೇ ತೆಗೀತೀನಿ ಎಂದು ಕ್ಷೌರಿಕ ಮಾತು ಕೊಟ್ಟಿದ್ದ.

ಇಂಥ ಮಾತಿಗೆ ಕತೆಯ ರಾಜಕುಮಾರರು ಸಮುದ್ರ ದಾಟುತ್ತಾರೆ. ಇವನು ದಿನಾ ಬೆಳಿಗ್ಗೆ ಬೀದಿ ದಾಟಿ ಹೋಗಿ, ಬೇಕರಿಯ ಒಲೆಯ ಪಕ್ಕ ನಿಂತು ಹಿಟ್ಟು ನಾದುತ್ತಿದ್ದ. "ಸುಮ್ನೆ ಇಟ್ರೆ ಬೆರಳು ಇನ್ನೂ ಬಿಗಿಯುತ್ತೆ. ಬೆಚ್ಚಗೆ, ಮೆತ್ತಗೆ, ದಿನಾ ಆಡಿಸ್ತಾ ಇರಿ" ಎಂದಿದ್ದಳು ಡಾಕ್ಟರಮ್ಮ. ಮೊದಮೊದಲು ಮುಷ್ಟಿ ಕಟ್ಟಲೂ ಆಗದಿದ್ದವನು ಮೆಲ್ಲಗೆ ಚಮಚ ಹಿಡಿದ, ಅಂಗಿಯ ಗುಂಡಿ ಹಾಕಿಕೊಂಡ. ಆಸೆ ಹೆಚ್ಚಾಯಿತು. ಗೆಳೆಯ ಒಲೆಯ ಕಡೆ ತಿರುಗಿದ್ದಾಗ, ಫ್ರಿಜ್ಜಿನಲ್ಲಿ ಕಲ್ಲಾಗಿದ್ದ ಹಳೇ ಹಿಟ್ಟನ್ನು ತೆಗೆದು ಹಲ್ಲು ಕಚ್ಚಿ ಹಿಸುಕಿದ. ಮರುದಿನ ಬೆರಳುಗಳು ಬನ್ನಿನ ಹಾಗೆ ಊದಿಕೊಂಡವು. ಈಗ ಅವನ ಕ್ಷೌರದಂಗಡಿ ನಡೆಸುವ ಮಗಳು ಮತ್ತೆ ತುತ್ತು ಕೊಡಬೇಕಾಯಿತು.

ಊತ ಇಳಿದ ಮೇಲೆ, ಇವತ್ತು, ಬೇಕರಿಯವನು ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತಿದ್ದ.

"ಬ್ರೆಡ್ಡಲ್ಲಿ ಕೂದಲು ಸಿಕ್ತಂತೆ. ಸಂಜೆಯೊಳಗೆ ಗಡ್ಡ ಹೋಗ್ಬೇಕು, ಇಲ್ಲಾ ನಾನು ಹೋಗ್ತೀನಿ ಅಂದಿದಾಳೆ ನಮ್ಮೋಳು."

"ಅತ್ತೆ ಹೋಗೋದು ಬೇಡ, ನಾನೇ ಮಿಷನ್ ಹಾಕ್ತೀನಿ ಮಾಮ" ಎಂದಳು ಮಗಳು.

"ನಿನ್ ಮಿಷನ್ನು ಹುಲ್ಲಿಗೆ ಸರಿ ಕಣಮ್ಮ" ಎಂದ ಬೇಕರಿಯವನು.

ಅವಳು ಕಪಾಟಿನಿಂದ ಕತ್ತಿ ತಂದಳು. ತಂದೆಯ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು. "ಅಪ್ಪ, ಒಂದು ಹನಿ ರಕ್ತ ಕಂಡ್ರೂ ಇದು ಹೊಳೆಗೆ. ಆಮೇಲೆ ನೀವು ಕೇಳಬಾರ್ದು, ನಾನೂ ಕೊಡಲ್ಲ."

"ಆಯ್ತು."

"ಹಾಗಂತ ಹೇಳಿ."

"ಕೇಳಲ್ಲ ಮಗಳೇ. ಕೊಡು."

ಉದ್ದದ ಕೂದಲನ್ನು ಕತ್ತರಿಯಲ್ಲಿ ಇಳಿಸಿದ್ದಾಗಿತ್ತು. ಬಿಸಿನೀರಲ್ಲಿ ಕೈ ಅದ್ದಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಅವನು ನೊರೆ ಹಚ್ಚಿದ. ಬಲಗೆನ್ನೆ ಸಲೀಸಾಗಿ ಬಂತು. ಎಡಗೆನ್ನೆಯಲ್ಲಿ ಕೈ ಸ್ವಲ್ಪ ತಡವರಿಸಿತು. ಮೇಲ್ದುಟಿಯ ಬಳಿ ಮಗಳು ಉಸಿರು ಬಿಗಿಹಿಡಿದದ್ದು ಅವನಿಗೇ ಕೇಳಿಸಿತು. ಬೇಕರಿಯವನು ಕತ್ತನ್ನು ಹಿಂದಕ್ಕೆ ಚೆಲ್ಲಿ ಎದುರಿನ ಕನ್ನಡಿಯ ಮೇಲೆ ಕಣ್ಣಿಟ್ಟಿದ್ದ.

ಗಂಟಲ ಮಣಿಯ ಪಕ್ಕದಲ್ಲಿ ಬೆರಳು ಕಚ್ಚಿಕೊಂಡಿತು.

ನೋವಿಗಿಂತ ಮೊದಲು ಕ್ಷೌರಿಕನಿಗೆ ಗೊತ್ತಾದದ್ದು ಬೆರಳು ತನ್ನ ಮಾತು ಕೇಳುತ್ತಿಲ್ಲ ಎನ್ನುವುದು. ಕತ್ತಿ ಚರ್ಮಕ್ಕೆ ಒರಗಿ ನಿಂತುಬಿಟ್ಟಿತ್ತು. ಎತ್ತಲು ಹೋದರೆ ಓರೆಯಾಗುತ್ತದೆ, ಎಳೆದರೆ ಕೊಯ್ಯುತ್ತದೆ. ಹಣೆಯ ಬೆವರು ಹುಬ್ಬಿಗಿಳಿಯಿತು. ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ಅಪ್ಪ, ಬಿಡಿ."

ಬಿಡುವುದಾದರೂ ಹೇಗೆ. ಬೇಕರಿಯವನು ಮಾತಾಡುವಂತಿರಲಿಲ್ಲ, ಉಗುಳು ನುಂಗುವಂತೆಯೂ ಇರಲಿಲ್ಲ. ಕುರ್ಚಿಯ ತೋಳಿನ ಮೇಲಿದ್ದ ಅವನ ಕೈಯೊಂದೇ ಅಲುಗಿತು. ಅಂಗೈಯಿಂದ ಒತ್ತಿತು, ಮಡಿಸಿತು, ಸಡಿಲ ಬಿಟ್ಟಿತು. ಮತ್ತೆ ಒತ್ತಿತು, ಮಡಿಸಿತು, ಬಿಟ್ಟಿತು. ಯಾವ ಅವಸರವೂ ಇಲ್ಲದೆ, ಒಲೆಯ ಪಕ್ಕದಲ್ಲಿ ದಿನಾ ಹಿಟ್ಟು ನಾದಿ ತೋರಿಸಿಕೊಡುತ್ತಿದ್ದಂತೆಯೇ.

ಕ್ಷೌರಿಕ ಕನ್ನಡಿಯಲ್ಲಿ ಅದನ್ನು ಕಂಡ. ಗೆಳೆಯನ ಭುಜದ ಮೇಲಿದ್ದ ಅವನ ಎಡಗೈ ತಾನಾಗಿ ಆ ಲಯಕ್ಕೆ ಕೂಡಿಕೊಂಡಿತು. ಒತ್ತಿ, ಮಡಿಸಿ, ಬಿಟ್ಟು. ಮುಂದೆ ಚಾಚಿದ್ದ ಮಗಳ ಕೈ ಅಲ್ಲೇ ನಿಂತಿತು. ಬಲಗೈಯ ಗಂಟುಗಳಲ್ಲಿ ಬಿಗಿ ಕೊಂಚ ಕರಗಿತು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಕತ್ತಿ ಚರ್ಮದಿಂದ ಎದ್ದಿತು.

ಅವನು ಬೆರಳುಗಳನ್ನು ಬಿಸಿನೀರಲ್ಲಿ ಇನ್ನೊಮ್ಮೆ ಅದ್ದಿ ತೆಗೆದ. ಮಗಳು ಬೇಡ ಎನ್ನಲಿಲ್ಲ. ಗಲ್ಲದ ಕೆಳಗೆ ಉಳಿದಿದ್ದ ನೊರೆಯ ಪಟ್ಟಿಯನ್ನು ಅವನು ಒಂದೇ ಎಳೆತದಲ್ಲಿ ಮೇಲಕ್ಕೆ ತಂದ.

ಮಗಳು ಬಿಳಿ ಟವೆಲ್ಲನ್ನು ಬೇಕರಿಯವನ ಕತ್ತಿನ ಸುತ್ತ ಒತ್ತಿ, ಬಾಗಿಲ ಬೆಳಕಿಗೆ ಹಿಡಿದು ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಎಲ್ಲೂ ಕೆಂಪಿರಲಿಲ್ಲ. ಆಮೇಲೆ ಅದನ್ನು ಬಿಸಿನೀರಲ್ಲಿ ಹಿಂಡಿ ತಂದು, ಇನ್ನೂ ಮೆಲ್ಲಗೆ ನಾದುತ್ತಲೇ ಇದ್ದ ತಂದೆಯ ಕೈಗಳಿಗೆ ಸುತ್ತಿದಳು.